ಮಾರಿಕುಪ್ಪಂ ಗಾಡಿಯಲ್ಲಿ ಮೂರು ಸಂಘ

ನಮ್ಮ ಸೋದರಮಾವ ಅಧ್ಯಕ್ಷರಿಲ್ಲದೆ ಊಟ ಮಾಡುವುದಿಲ್ಲ. ನಂಬಿಕೆ ಬಾರದಿದ್ದರೆ ಒಂದು ಭಾನುವಾರ ಊರಿಗಾಂನ ನಮ್ಮ ಮನೆಗೆ ಬನ್ನಿ. ತಟ್ಟೆಯ ಮುಂದೆ ಕೂತೊಡನೆ ಮಾವ ಮೊದಲು ತಲೆ ಎಣಿಸುತ್ತಾರೆ. ಅವರು, ಅವರ ಅಕ್ಕ ಅಂದರೆ ನಮ್ಮಮ್ಮ, ಮತ್ತು ನಾನು.

"ಕೋರಂ ಐತೆ. ಅಕ್ಕ ಅಧ್ಯಕ್ಷತೆ ವಯಿಸ್ಕೊಬೇಕು ಅಂತ ಕೇಳ್ಕೊತೀನಿ."

ಅಮ್ಮ ಅಧ್ಯಕ್ಷತೆ ವಹಿಸಿಕೊಂಡು ಮುದ್ದೆ ಬಡಿಸುತ್ತಾಳೆ. ಸಾರಿಗೆ ಉಪ್ಪು ಕಮ್ಮಿ ಎಂದು ಮಾವ ಸೂಚನೆ ಮಂಡಿಸುತ್ತಾರೆ. ಅನುಮೋದಿಸಬೇಕಾದವಳು ನಾನು. ಅಮ್ಮ ಸೌಟು ಹಿಡಿದುಕೊಂಡೇ ನನ್ನತ್ತ ನೋಡುತ್ತಾಳೆ. ಇಂಥ ಸಂದರ್ಭದಲ್ಲಿ ಯಾರು ತಾನೇ ಅನುಮೋದಿಸುತ್ತಾರೆ? ಸೂಚನೆ ಅಲ್ಲೇ ಬಿದ್ದುಹೋಗುತ್ತದೆ. ಕೈ ತೊಳೆಯುವ ಮುಂಚೆ ವಂದನಾರ್ಪಣೆ ಬೇರೆ!

ಮಾವ ಪ್ಲಂಬರು. ಪ್ಲಂಬರುಗಳ ಸಂಘದ ಕಾರ್ಯದರ್ಶಿ. ಇಪ್ಪತ್ತು ವರ್ಷದಿಂದ ಆ ಹುದ್ದೆಗೆ ಬೇರೆ ಯಾರೂ ನಿಂತಿಲ್ಲ, ಏಕೆಂದರೆ ನಡಾವಳಿ ಬರೆಯುವ ಚಟ ಇನ್ನಾರಿಗೂ ಇಲ್ಲ. ನಮ್ಮ ಕಡೆ ನೀರಿನ ಕೆಲಸದವರಿಗೆ ಇನ್ನೂ ಎರಡು ಸಂಘಗಳಿವೆ. ವಾಲ್ವು ತಿರುಗಿಸಿ ನೀರು ಬಿಡುವ ವಾಟರ್‌ಮನ್‌ಗಳದ್ದು ಒಂದು, ಬೋರ್‌ವೆಲ್ ಮೋಟಾರು ನೋಡಿಕೊಳ್ಳುವ ಮೆಕ್ಯಾನಿಕ್ಕುಗಳದ್ದು ಇನ್ನೊಂದು. ಪ್ಲಂಬರು ವಾಲ್ವು ಮುಟ್ಟುವಂತಿಲ್ಲ, ವಾಟರ್‌ಮನ್ನು ಮೋಟಾರು ಮುಟ್ಟುವಂತಿಲ್ಲ, ಮೆಕ್ಯಾನಿಕ್ಕು ಪೈಪಿನ ಕಡೆ ಕಣ್ಣೆತ್ತಿಯೂ ನೋಡುವಂತಿಲ್ಲ. ಅಳಿಯ ಅತ್ತೆಯ ಅಡುಗೆಮನೆಯಲ್ಲಿ ಇರುವಷ್ಟು ಮರ್ಯಾದೆ!

ಈ ಮರ್ಯಾದೆಯಿಂದಲೇ ನಮ್ಮ ಲೈನಿಗೆ ನೀರು ನಿಂತಿತು. ಲೈನು ಎಂದರೆ ಗಣಿಯ ಕೆಲಸಗಾರರಿಗೆಂದು ಹಿಂದೆ ಕಟ್ಟಿದ ಸಾಲುಮನೆಗಳು. ಬೀದಿಯ ಕೊನೆಯ ನಲ್ಲಿ ನಮ್ಮದು. ಅದು ಒಣಗಿ ನಾಲ್ಕು ತಿಂಗಳಾಗಿತ್ತು. ಅಮ್ಮ ನೋಯುವ ಮಂಡಿ ಇಟ್ಟುಕೊಂಡು ಮೂರು ಬೀದಿ ಆಚೆಯಿಂದ ಬೆಳಿಗ್ಗೆ ಸಂಜೆ ಬಿಂದಿಗೆ ಹೊರುತ್ತಿದ್ದಳು. ನಾನು ಹೊರುತ್ತೇನೆಂದರೆ, "ಟೀಚರಮ್ಮ ನೀರೊತ್ರೆ ಮಕ್ಕಳು ಏನಂತಾರೆ, ಓಗು ಸ್ಕೂಲಿಗೆ" ಎಂದು ಗದರುತ್ತಿದ್ದಳು.

ದೂರು ಕೊಡಲಿಲ್ಲವೇ ಎಂದು ಕೇಳುತ್ತೀರಿ. ಕೊಟ್ಟೆವು. ಸೋಮವಾರ ಮಾವನ ಸಂಘದ ಪ್ಲಂಬರೊಬ್ಬರು ಬಂದು ರಸ್ತೆ ಅಗೆದು ನೋಡಿ, "ಪೈಪು ಸರೀಗೈತೆ, ವಾಲ್ವು ಮುಚ್ಚೈತೆ" ಎಂದು ಗುಂಡಿ ಮುಚ್ಚಿದರು. ಮಂಗಳವಾರ ವಾಟರ್‌ಮನ್ನು ಬಂದು ವಾಲ್ವು ತೆರೆದು, "ವಾಲ್ವು ನಲ್ಲಾ ಇರ್ಕು, ಮೋಟಾರೇ ಓಡ್ತಿಲ್ಲ" ಎಂದು ಮತ್ತೆ ಮುಚ್ಚಿದರು. ಬುಧವಾರ ಮೆಕ್ಯಾನಿಕ್ಕು ಬಂದು ಮೋಟಾರು ಓಡಿಸಿ, "ಬಾಗುಂದಿ, ಫಸ್ಟ್ ಕ್ಲಾಸ್" ಎಂದು ಆರಿಸಿದರು. ಮೂವರದ್ದೂ ಸರಿ. ಮೂರು ಭಾಷೆಯಲ್ಲೂ ಸರಿ. ನೀರು ಮಾತ್ರ ಇಲ್ಲ!

"ಮೂರು ಸಂಗಾನೂ ಒಂದೇ ದಿನ, ಒಂದೇ ಒತ್ತಿಗೆ ಬಂದು ನಿಂತ್ಕೊಬೇಕು," ಎಂದರು ಮಾವ. "ಜಂಟಿ ಸಭೆ ಕರೀತೀನಿ."

ಎಲ್ಲಿ ಕರೆಯುವುದು? ಒಬ್ಬರ ಆಫೀಸಿಗೆ ಇನ್ನೊಬ್ಬರು ಕಾಲಿಡುವುದಿಲ್ಲ. ಹೋಟೆಲಿನಲ್ಲಿ ಕರೆದರೆ ಮಾತು ಬಿಸಿಯಾದೊಡನೆ ಎದ್ದು ಹೋಗುತ್ತಾರೆ. ಮಾವ ಎರಡು ದಿನ ಗಡ್ಡ ಕೆರೆದುಕೊಂಡು ಜಾಗ ಹುಡುಕಿದರು. ಬೆಳಗಿನ ಮಾರಿಕುಪ್ಪಂ–ಬಂಗಾರಪೇಟೆ ಗಾಡಿ! ಓಡುವ ರೈಲಿನಿಂದ ಸಭಾತ್ಯಾಗ ಮಾಡುವ ಗಂಡಸು ಎಲ್ಲಿದ್ದಾನೆ? ಉಳಿದೆರಡು ಸಂಘಗಳ ಅಧ್ಯಕ್ಷರಿಗೂ ಚೆಂದದ ಅಕ್ಷರದಲ್ಲಿ ಪತ್ರ ಹೋಯಿತು. ನಾಲ್ಕು ತಿಂಗಳಲ್ಲಿ ಅದು ಮಾವ ಬರೆದ ಹನ್ನೊಂದನೇ ಪತ್ರ. ಇಬ್ಬರಿಗೂ ಕೊನೆಯ ಸಾಲು ಒಂದೇ: "ಆ ಕಡೆಯವರು ಬರಲು ಅಂಜುತ್ತಿದ್ದಾರೆಂದು ತಿಳಿದುಬಂದಿದೆ." ಇಬ್ಬರೂ ಹತ್ತು ನಿಮಿಷ ಮುಂಚೆಯೇ ಬಂದು ಸೀಟು ಹಿಡಿದಿದ್ದರಂತೆ.

ನಾನು ಬಂಗಾರಪೇಟೆಯ ಶಾಲೆಗೆ ದಿನಾ ಅದೇ ಗಾಡಿಗೆ ಹೋಗುವವಳು. ಊರಿಗಾಂನಲ್ಲಿ ಹತ್ತಿದಾಗ ಸಭೆ ಕಾವೇರಿತ್ತು. ಕೋರಮಂಡಲ್ ಬಂದಾಗ ವಾಟರ್‌ಮನ್ ಅಧ್ಯಕ್ಷರು, "ನಾನು ಇಲ್ಲೇ ಇಳೀತೀನಿ" ಎಂದು ಎದ್ದರು. ಬಾಗಿಲ ತುಂಬ ಹೂವಿನ ಬುಟ್ಟಿಗಳು, ಇಳಿಯಲಾಗದೆ ಕೂತರು. ಮುಂದಿನ ಸ್ಟೇಷನ್ನಿನಲ್ಲಿ ಮೆಕ್ಯಾನಿಕ್ ಅಧ್ಯಕ್ಷರು ಎದ್ದರು. ಎದ್ದ ಕ್ಷಣವೇ ಅವರ ಸೀಟಿನಲ್ಲಿ ಬೇರೆಯವರು ಕೂತುಬಿಟ್ಟರು. ಪಾಪ, ಬಂಗಾರಪೇಟೆವರೆಗೂ ನಿಂತೇ ಚರ್ಚಿಸಿದರು.

ಕಡೆಗೆ ಹೂವಿನ ಬುಟ್ಟಿಯ ಹೆಂಗಸೇ ಬಾಯಿ ಬಿಟ್ಟಳು. "ಅಲ್ರಪ್ಪಾ, ಇಲ್ಲಿ ಒಟ್ಟಿಗೆ ಬಂದ್ರಲ್ಲ, ಅಂಗೇ ಆ ನಲ್ಲಿ ತಾವ್ಕೂ ಒಟ್ಟಿಗೆ ಓದ್ರೆ ಏನಾಯ್ತದೆ?"

"ಇದೇ ಠರಾವು!" ಮಾವ ಜಿಗಿದೆದ್ದರು. "ಒಪ್ಪೋರು ಕೈ ಎತ್ತಿ." ಬೋಗಿಗೆ ಬೋಗಿಯೇ ಕೈ ಎತ್ತಿತು.

"ಸದಸ್ಯರಲ್ಲದೋರು ಕೈ ಎತ್ತಂಗಿಲ್ಲ," ಎಂದರು ವಾಟರ್‌ಮನ್ ಅಧ್ಯಕ್ಷರು.

"ಇವ್ರೆಲ್ಲ ನೀರು ಕುಡಿಯೋರ ಸಂಗದ ಸದಸ್ಯರು ಕಣಣ್ಣೋ," ಎಂದರು ಮಾವ. ಗಾಡಿ ಬಂಗಾರಪೇಟೆ ಮುಟ್ಟುವಷ್ಟರಲ್ಲಿ ಇಬ್ಬರೂ ಸಹಿ ಹಾಕಿದ್ದರು.

ಶನಿವಾರ ಮಧ್ಯಾಹ್ನ ಮೂರು ಸಂಘವೂ ನಮ್ಮ ಬೀದಿಯಲ್ಲಿ ಸೇರಿತು. ರಸ್ತೆ ಅಗೆದರು, ಮೋಟಾರು ಹಾಕಿದರು, ವಾಲ್ವು ತೆರೆದರು. ಐದು ನಿಮಿಷದಲ್ಲಿ ಗುಂಡಿಯೊಳಗೆ ಕಾರಂಜಿ! ನೀರಿನ ಒತ್ತಡ ಬಿದ್ದಾಗ ಮಾತ್ರ ಬಾಯಿ ಬಿಡುವ ಒಂದು ಹಳೇ ಜಾಯಿಂಟು. ಪೂರ್ತಿ ನೀರು ಅಲ್ಲಿಂದ ಪಕ್ಕದ ಮೋರಿಗೆ ಹೋಗುತ್ತಿತ್ತು.

"ಯಾವ ಬಡ್ಡಿಮಗ ಆಕಿದ್ದು ಈ ಜಾಯಿಂಟು?" ಎಂದು ಕೂಗಿದರು ಮೆಕ್ಯಾನಿಕ್ ಅಧ್ಯಕ್ಷರು.

ಮಾವ ಗುಂಡಿಗೆ ಇಳಿದು ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು. "ನಾನೇ," ಎಂದರು. ಇಬ್ಬರು ಅಧ್ಯಕ್ಷರೂ ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ನಕ್ಕರು. ಅವರು ಒಟ್ಟಿಗೆ ಮಾಡಿದ ಮೊದಲ ಕೆಲಸ ಅದು. ಮಾವ ಕೆಸರು ಮೆತ್ತಿಕೊಂಡೇ ಜಾಯಿಂಟು ಬದಲಿಸಿ, ತಮ್ಮ ತಪ್ಪನ್ನು ನಡಾವಳಿಯಲ್ಲಿ ತಮ್ಮ ಕೈಯಾರೆ ಬರೆದುಕೊಂಡರು.

ಸಂಜೆ ನಲ್ಲಿಯಲ್ಲಿ ನೀರು ಬಂತು. ಅಮ್ಮ ಇದ್ದಬದ್ದ ಪಾತ್ರೆಗಳನ್ನೆಲ್ಲ ತುಂಬಿಸಿ ಹೊಸಿಲ ಮೇಲೆ ಸುಮ್ಮನೆ ಕೂತಳು.

"ಯಾಕಕ್ಕಾ, ಮೈಗುಸಾರಿಲ್ವಾ?"

"ಚೆನ್ನಾಗಿವ್ನಿ ಕಣ್ಲಾ. ನೀರಿಗೋಗೋ ಒತ್ತು ಇದು. ಈಗೇನ್ ಮಾಡ್ಬೇಕೋ ಗೊತ್ತಾಗ್ತಿಲ್ಲ."

ನಾನು ನಕ್ಕೆ. ಮಾವ ನಗಲಿಲ್ಲ. ನನ್ನ ಕಡೆ ತಿರುಗಿ ಹೇಳಿದರು: "ಇವ್ಳು ಐದ್ನೇ ಕ್ಲಾಸಲ್ಲಿ ಪುಸ್ತಕ ಮುಚ್ಚಿಟ್ಲು ಕಣಮ್ಮ. ನಮ್ಮವ್ವ ಸತ್ತಮೇಲೆ ನೀರಿಗೆ ನಿಲ್ಲೋರು ಇರ್ಲಿಲ್ಲ. ಆಗ ನೀರು ಬಿಡೋ ಒತ್ತೂ ಸ್ಕೂಲ್ ಬೆಲ್ಲೂ ಒಂದೇ. ನಾನು ಸ್ಕೂಲಿಗೋದೆ. ಇವ್ಳು ನಲ್ಲಿಗೋದ್ಲು."

ನಾನು ದಿನವೂ ಐದನೇ ಕ್ಲಾಸಿಗೆ ಪಾಠ ಮಾಡುವವಳು. ಅಮ್ಮ ಯಾಕೆ ಶಾಲೆ ಬಿಟ್ಟಳು ಎಂದು ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯಾಯಿತು.

"ಅದ್ಯಾಕ್ಲಾ ಈಗ," ಎಂದಳು ಅಮ್ಮ, ಮಾವನ ತಲೆಗೂದಲಿನ ಕೆಸರನ್ನು ಸೆರಗಿನಿಂದ ಒರೆಸುತ್ತ. "ನೀನು ಸ್ಕೂಲಿಗೋಗಿದ್ದಕ್ಕೇ ಅಲ್ವೇನ್ಲಾ ಅಷ್ಟು ಕಾಗ್ದ ಬರ್ದಿದ್ದು? ನಾನು ನಿಂತಿದ್ದು ದಂಡ ಆಗ್ಲಿಲ್ಲ, ಬಿಡು."

ಮಾವ ಅಕ್ಕನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.