ಬಾತ್‌ರೂಮಿನಲ್ಲಿ ಡಾಕರ್

ಪೂಜೆಗೆ ಇನ್ನೂ ಹೊತ್ತಿದೆ ಎಂದು ಸುಪ್ರೀತ ಕಾಫಿ ಕುಡಿಯಲು ಹೋದದ್ದೇ ತಪ್ಪಾಯಿತು. ವಾಪಸು ಬರುವಷ್ಟರಲ್ಲಿ ರಾಮಕೃಷ್ಣನಗರದ ಆ ಪುಟ್ಟ ಸಾಫ್ಟ್‌ವೇರ್ ಆಫೀಸಿನ ಸರ್ವರ್ ಹಣೆಗೆ ವಿಭೂತಿ ಬಳಿಸಿಕೊಂಡು, ಸೇವಂತಿಗೆ ಹಾರ ಹಾಕಿಸಿಕೊಂಡು ಮದುವೆಗಂಡಿನ ಹಾಗೆ ಕೂತಿತ್ತು. ಪಕ್ಕದಲ್ಲಿ ಸುಪ್ರೀತನ ಲ್ಯಾಪ್‌ಟಾಪ್, ಸ್ಟೇಪ್ಲರ್, ಸ್ಕ್ರೂಡ್ರೈವರ್, ಸ್ಕೂಟರಿನ ಕೀ. ಎಲ್ಲಕ್ಕೂ ಕುಂಕುಮ.

"ಅಜ್ಜಿ, ಸ್ವಲ್ಪ ಜರುಗಿ. ಇದಕ್ಕೆ ಡಾಕರ್ ಹಾಕ್ಬೇಕು," ಎಂದು ಕೈಚಾಚಿದ.

"ಮುಟ್ಬ್ಯಾಡ ಕಣಪ್ಪ!" ಮಾಲೀಕ ಶಿವಪ್ರಕಾಶರ ತಾಯಿ ಬೆಟ್ಟಮ್ಮ ಮಣೆ ಹಾಕಿಕೊಂಡು ಸರ್ವರ್ ಎದುರಿಗೇ ಕೂತುಬಿಟ್ಟರು. "ಆಯುಧಪೂಜೆ ಆದ್ಮೇಲೆ ನಾಳೆಗಂಟ ಮುಟ್ಟಂಗಿಲ್ಲ. ನಮ್ಮೂರಲ್ಲಿ ನೇಗಿಲ್ನೇ ಎತ್ತಕಿಲ್ಲ, ಇನ್ನು ಇದ ಮುಟ್ಟಾಕೆ ಎಂಗೆ ಬುಟ್ಟಾರು?"

ಡಾಕರ್ ಅಂದರೆ, ಒಂದೇ ಸರ್ವರಿನಲ್ಲಿ ಹಲವು ಕೆಲಸಗಳನ್ನು ಊಟದ ಕ್ಯಾರಿಯರ್ ಡಬ್ಬಿಗಳ ಹಾಗೆ, ಒಂದರ ಸಾರು ಇನ್ನೊಂದಕ್ಕೆ ತಾಗದಂತೆ ನಡೆಸುವ ಸಾಫ್ಟ್‌ವೇರ್. ಒಂದು ಬಟ್ಟೆ ಅಂಗಡಿಯವರ ಬಿಲ್ಲಿಂಗ್ ಅದರ ಮೇಲೆ ಓಡಬೇಕಿತ್ತು. ದಸರೆಯೊಳಗೇ ಬೇಕೆಂದು ಅವರ ಒತ್ತಾಯ. ಇವತ್ತು ಹಾಕಿ ಮುಗಿಸಿದರೆ ಸುಪ್ರೀತನಿಗೆ ನಾಳೆ ರಜ, ಇಲ್ಲದಿದ್ದರೆ ನಾಳೆ ಬಂದು ಕೂರಬೇಕು. ನಾಳೆಯೋ ವಿಜಯದಶಮಿ, ಮದುವೆಯಾದ ಮೇಲಿನ ಮೊದಲ ದಸರಾ. ಅಗ್ರಹಾರದ ಮಾವನವರು ಯಾರ್ಯಾರ ಕಾಲೋ ಹಿಡಿದು ಜಂಬೂಸವಾರಿಗೆ ಪಾಸ್ ಸಂಪಾದಿಸಿದ್ದರು. "ನಾಳೆ ನೀವು ಬರ್ಲಿಲ್ಲ ಅಂದ್ರೆ ನಾನು ಅಮ್ಮನ ಮನೇಲೇ ಇದ್ಬಿಡ್ತೀನಿ," ಎಂದು ಹೆಂಡತಿ ವಿಭಾ ಬೆಳಿಗ್ಗೆ ದೋಸೆ ಬಡಿಸುತ್ತಲೇ ಹೇಳಿದ್ದಳು. ಪಾಪ, ಹುಡುಗ ನಿಜಕ್ಕೂ ಹೆದರಿದ್ದ.

ಸರ್ವರ್ ಮುಟ್ಟಬಾರದು, ಸರಿ. ಮುಟ್ಟದೆ ದೂರದಿಂದಲೇ ಲಾಗಿನ್ ಆಗಬಹುದಲ್ಲ! ಪೂಜೆಗೆ ಸಿಗದೆ ಉಳಿದಿದ್ದದ್ದು ಜೇಬಿನ ಮೊಬೈಲ್ ಒಂದೇ. ಬೆಟ್ಟಮ್ಮನ ಕಣ್ಣಿಗೆ ಬಿದ್ದರೆ ಅದಕ್ಕೂ ಕುಂಕುಮ ಗ್ಯಾರಂಟಿ. ಸುಪ್ರೀತ ಮೆಲ್ಲಗೆ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡ.

ಒಳಗೆ ಸಿಗ್ನಲ್ ಇದ್ದದ್ದು ಕಿಟಕಿಯ ಹತ್ತಿರ ಮಾತ್ರ. ಬಕೆಟ್ ಬೋರಲು ಹಾಕಿ ಅದರ ಮೇಲೆ ಹತ್ತಿ ನಿಂತ. ಮೊಬೈಲಿನ ಆ ಸಣ್ಣ ಅಕ್ಷರಗಳ ಮೇಲೆ ಅವನ ದಪ್ಪ ಬೆರಳು ಒಂದು ಒತ್ತಿದರೆ ಇನ್ನೊಂದು ಬೀಳುತ್ತಿತ್ತು. ಹಿಂದೆಂದೋ ಹಾಕಿದ್ದ ಹಳೆಯ ಡಾಕರನ್ನು ಕಿತ್ತರೇ ಹೊಸದು ಎಂದು ಸರ್ವರ್ ಹಟ ಹಿಡಿಯಿತು. ಕಿತ್ತ. ಡೌನ್‌ಲೋಡ್ ಅರ್ಧಕ್ಕೆ ನಿಂತಿತು. ಮತ್ತೆ ಶುರುಮಾಡಿದ. ಎಲ್ಲ ಆಯಿತು ಅನ್ನುವಾಗ 'ನಿನಗೆ ಅನುಮತಿ ಇಲ್ಲ' ಎಂದಿತು.

ಬಾಗಿಲು ದಬದಬ ಬಡಿದ ಸದ್ದಾಯಿತು. "ಯಾಕ್ ಮಗ, ವೊಟ್ಟೆ ಸರಿ ಇಲ್ವಾ?" ಬೆಟ್ಟಮ್ಮ.

"ಸ್ವಲ್ಪ ಹಾಗೇ ಅಜ್ಜಿ!"

"ಸುಪ್ರೀತ್, ಓಆರ್‌ಎಸ್ ತರ್ಸಿದೀನಿ ಕಣೋ," ಎಂದಳು ಜೊತೆಗೆ ಕೆಲಸ ಮಾಡುವ ಸಿಂಚನ.

"ಬೆಳಿಗ್ಗೆ ಏನ್ರೀ ತಿಂದಿದ್ರಿ?" ಶಿವಪ್ರಕಾಶರೂ ಬಂದರು. "ಸ್ವಲ್ಪ ಈಚೆಗೆ ಬನ್ನಿ, ಒಂದು ವಿಷಯ ಹೇಳ್ಬೇಕು."

"ದೋಸೆ ಸರ್! ಬಂದೆ ಸರ್!"

"ಒಸ ಸಂಸಾರ ಅಲ್ವಾ, ಇಟ್ಟು ಉಳಿ ಬಂದಿರ್ತದೆ," ಎಂದು ಬೆಟ್ಟಮ್ಮ ವಿಭಾಳ ಮೇಲೆ ತಪ್ಪು ಹೊರಿಸಿ, ಓಮದ ಕಷಾಯ ಕಾಯಿಸಲು ಹೊರಟರು.

ಸುಪ್ರೀತ ಬೆವರು ಒರೆಸಿಕೊಂಡು, ತನ್ನ ಹೆಸರಿಗೆ ಅನುಮತಿ ಕೊಟ್ಟು, ಲಾಗ್‌ಔಟ್ ಆಗಿ ಮತ್ತೆ ಒಳಹೊಕ್ಕ. ಪರದೆಯ ಮೇಲೆ 'ಹಲೋ ಫ್ರಂ ಡಾಕರ್' ಮೂಡಿತು.

"ಬಂತು! ಬಂತು!" ಎಂದು ಕಿರುಚಿದ.

"ಸದ್ಯ, ಚಾಮುಂಡವ್ವ ಕಣ್ ಬುಟ್ಲು," ಎಂದು ಹೊರಗೆ ಬೆಟ್ಟಮ್ಮ ಕೈಮುಗಿದರು.

ಸುಪ್ರೀತ ಗೆದ್ದ ಪೈಲ್ವಾನನಂತೆ ಬಾಗಿಲು ತೆಗೆದು ಮೊಬೈಲನ್ನು ಮಾಲೀಕರ ಮುಂದೆ ಹಿಡಿದ. "ಸರ್, ಡಾಕರ್ ಆಯ್ತು! ಸರ್ವರ್ ಮುಟ್ಲಿಲ್ಲ, ದೇವರಾಣೆ. ಇಲ್ಲಿಂದ್ಲೇ ಹಾಕ್ದೆ!"

ಶಿವಪ್ರಕಾಶರು ತಲೆ ಕೆರೆದುಕೊಂಡರು. "ಅಲ್ರೀ, ಅದನ್ನ ಹೇಳೋಕೇ ಕರೀತಿದ್ದೆ. ಅಂಗಡಿಯವರು ಫೋನ್ ಮಾಡಿದ್ರು. ಹಬ್ಬ ಕಳೀಲಿ, ಮುಂದಿನ ವಾರ ಹಾಕಿದ್ರೆ ಸಾಕು ಅಂತ."

"ಪರವಾಗಿಲ್ಲ ಸರ್, ಮುಗ್ದೇ ಹೋಯ್ತಲ್ಲ..."

"ಎಲ್ಲಿ ಮುಗೀತು?" ಕಷಾಯದ ಲೋಟ ಹಿಡಿದ ಬೆಟ್ಟಮ್ಮ ಗುಡುಗಿದರು. "ಅಬ್ಬದ ದಿನ, ಪೂಜೆ ಮಾಡಿಸ್ಕಂಡು ಕುಂತಿರೋ ಆಯುಧಕ್ಕೆ, ಕಕ್ಕಸ್ಸಲ್ಲಿ ನಿಂತ್ಕಂಡಾ ಸುಭಕಾರ್ಯ ಮಾಡಾದು? ಅದ ಅಂಗೇ ಬುಟ್ರೆ ಕಂಪ್ನಿ ಉಳೀತದಾ? ನಾಳೆ ಮದ್ದಾನ ವಿಜಯ ಮುಹೂರ್ತ. ತಲೆಗೆ ನೀರ್ ಉಯ್ಕಂಡು ಬಂದು, ಇದ ಕಿತ್ತಾಕಿ, ಒಸದಾಗಿ ಆಕು!"

ಸುಪ್ರೀತ ಮಾಲೀಕರ ಮುಖ ನೋಡಿದ. ಮಾಲೀಕರು ಗೋಡೆ ನೋಡಿದರು. "ಅಮ್ಮ ಹೇಳಿದ್ಮೇಲೆ ಇನ್ನೇನಿದೆ ಬಿಡಿ. ನಾಳೆ ಮೆರವಣಿಗೆಗೆ ರಸ್ತೆ ಮುಚ್ಚಿರ್ತಾರೆ, ಸ್ವಲ್ಪ ಬೇಗನೇ ಹೊರಡಿ."

ಅಷ್ಟರಲ್ಲಿ ಕೈಯಲ್ಲಿದ್ದ ಮೊಬೈಲ್ ಹೊಡೆದುಕೊಂಡಿತು. ವಿಭಾ.

"ಕೆಲಸ ಮುಗೀತೇನ್ರೀ?"

"ಮುಗೀತು ಕಣೇ."

"ಅಬ್ಬಾ! ಹಾಗಾದ್ರೆ ನಾಳೆ?"

"ನಾಳೆ ಶುರು."