ದಾರ್ಸೈಟಿನಲ್ಲಿ ನಮ್ಮ ಮಾಮನ ಪಬ್ಬು

ಮಸ್ಕತ್ತಿನಲ್ಲಿ ಹನಿ ಬಿಯರೂ ಇಲ್ಲದ ಒಂದು ಇಂಗ್ಲಿಷ್ ಪಬ್ಬು ಇದೆ ಎಂದರೆ ನಂಬುತ್ತೀರಾ? ನಂಬಲೇಬೇಕು, ಅದರ ಮಾಲೀಕರು ನನ್ನ ಸೋದರಮಾವ! ಇಲ್ಲಿಯ ದಾರ್ಸೈಟ್ ಬಡಾವಣೆಯ ಅವರ ಫ್ಲ್ಯಾಟಿನಲ್ಲಿ ಅಡುಗೆಮನೆಗೂ ಹಾಲಿಗೂ ನಡುವಿನ ಕಟ್ಟೆಯೇ ಬಾರ್ ಕೌಂಟರು. ಮಾಮ ಜನ್ಮದಲ್ಲಿ ಕುಡಿದವರಲ್ಲ. ಆದರೆ ಹದಿನೆಂಟು ವರ್ಷ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಊರವರಿಗೆಲ್ಲ ಕುಡಿಸಿದವರು. ಇವರು ಕೆಲಸಕ್ಕಿದ್ದ, ಊರೂರಿಗೂ ಶಾಖೆ ಇದ್ದ ಪಬ್ ಕಂಪನಿ ಒಂದು ದಿನ ಇವರ ಶಾಖೆಗೆ ಬೀಗ ಹಾಕಿತು. ಅತ್ತೆ ಅಲ್ಲೇ ಆಸ್ಪತ್ರೆಯಲ್ಲಿ ನರ್ಸು. "ಹೆಂಡತಿ ಸಂಬಳದಲ್ಲಿ ಕೂತು ಉಣ್ಣುವುದಾ? ಒಂದೇ ವರ್ಷ, ಆಮೇಲೆ ಬರ್ತೇನೆ" ಎಂದು ಮಾಮ ಇಲ್ಲಿಯ ಕೇಟರಿಂಗ್ ಕಂಪನಿಯ ಸ್ಟೋರಿಗೆ ಬಂದರು. ಆ ಒಂದು ವರ್ಷಕ್ಕೆ ಈಗ ಐದು ತುಂಬಿದೆ. ಅತ್ತೆ ಕರೆಯುವುದು ಬಿಟ್ಟಿಲ್ಲ, ಇವರು ಹಟ ಬಿಟ್ಟಿಲ್ಲ!

ಶುಕ್ರವಾರ ಸಂಜೆ ಇಲ್ಲಿರುವ ಊರಿನವರು ನಾವೆಲ್ಲ ಅಲ್ಲಿಗೆ ಹೋಗುತ್ತೇವೆ. ಸೋಫಾದಲ್ಲಿ ಕೂತವನಿಗೆ ನೀರೂ ಸಿಗುವುದಿಲ್ಲ. "ಕೌಂಟರಿಗೆ ಬಂದು ಆರ್ಡರ್ ಮಾಡು ಮಾರಾಯ. ಇದೇನು ಮದುವೆ ಊಟವಾ, ಬಡಿಸಿಕೊಂಡು ಬರ್ಲಿಕ್ಕೆ?" ಎನ್ನುತ್ತಾರೆ ಮಾಮ. ಸಿಗುವುದು ದೊಡ್ಡ ಗಾಜಿನ ಲೋಟದಲ್ಲಿ ಪುನರ್ಪುಳಿ ಹಣ್ಣಿನ, ಜೀರಿಗೆ ಹಾಕಿದ ಶರಬತ್ತು. ಅಂಚಿಗಿಂತ ಒಂದು ಬೆರಳು ಕಡಿಮೆಯಾದರೆ ಕೇಳಿ ತುಂಬಿಸಿಕೊಳ್ಳುವುದು ಇಂಗ್ಲೆಂಡಿನ ಪಬ್ಬುಗಳಲ್ಲಿ ಗಿರಾಕಿಯ ಹಕ್ಕಂತೆ! ನಾನು ಆ ಹಕ್ಕು ಚಲಾಯಿಸಿ ಚಲಾಯಿಸಿ ಹೊಟ್ಟೆ ಕೆಡಿಸಿಕೊಂಡದ್ದು ಬೇರೆ ಮಾತು.

ಇನ್ನು ಆ ಗಂಟೆ! ಪಬ್ಬು ಮುಚ್ಚುವ ಮೊದಲು "ಕೊನೆಯ ಆರ್ಡರ್!" ಎಂದು ಮಾಮ ಹಿತ್ತಾಳೆಯ ಗಂಟೆ ಬಾರಿಸುತ್ತಾರೆ. ಮೊದಲ ವಾರ ಅದನ್ನು ಕೇಳಿದ ಎದುರು ಫ್ಲ್ಯಾಟಿನ ಉಡುಪಿಯ ಅಜ್ಜಿ, ಮಂಗಳಾರತಿ ಆಗುತ್ತಿದೆ ಎಂದುಕೊಂಡು ಸೆರಗು ಹೊದ್ದು ಓಡಿ ಬಂದರು. ಕಣ್ಣು ಮುಚ್ಚಿ ಕೈಯೊಡ್ಡಿದರು. ಮಾಮ ಗಾಬರಿಯಲ್ಲಿ ಶರಬತ್ತನ್ನೇ ಸುರಿದರು. ಅಜ್ಜಿ ಭಕ್ತಿಯಿಂದ ಕುಡಿದು, "ತೀರ್ಥಕ್ಕೆ ಜೀರಿಗೆ ಹಾಕುವ ಕ್ರಮ ಯಾವ ಮಠದ್ದು ಮಗಾ?" ಎಂದು ಕೇಳಿದರು. ಈಗ ಅವರೇ ಪಬ್ಬಿನ ಕಾಯಂ ಗಿರಾಕಿ.

ಲೀಡ್ಸ್‌ನ ಶುಕ್ರವಾರದ ಮಾತೆತ್ತಿದರೆ ಮಾಮ ಕರಗಿಹೋಗುತ್ತಾರೆ. ಬೀದಿ ತುಂಬ ದೀಪ, ಹಾಡು, ಒಂದು ಪಬ್ಬಿನಿಂದ ಇನ್ನೊಂದಕ್ಕೆ ಹೊರಟ ಗುಂಪುಗಳು. ಆ ಕೊರೆಯುವ ಚಳಿಯಲ್ಲಿ ತೋಳಿಲ್ಲದ ಅಂಗಿ ಹಾಕಿಕೊಂಡು ಬರುವ ಹುಡುಗಿಯರನ್ನು ಇವರು "ಶೀತ ಆಗ್ತದೆ ಮಗಾ!" ಎಂದು ಕನ್ನಡದಲ್ಲೇ ಗದರುತ್ತಿದ್ದರಂತೆ. ಅವರು ಹೊಗಳಿಕೆ ಎಂದುಕೊಂಡು ಥ್ಯಾಂಕ್ಯೂ ಹೇಳುತ್ತಿದ್ದರಂತೆ! "ಕೆಲಸ ಮುಗಿಸಿ ಮನೆಗೆ ಹೋದ್ರೆ ನಿನ್ನ ಅತ್ತೆ..." ಎನ್ನುವಲ್ಲಿಗೆ ಮಾಮ ಲೋಟ ಒರೆಸಲು ತಿರುಗುತ್ತಾರೆ. ಆಗ ನಮಗೂ ಊರು, ಮನೆ, ಎಲ್ಲ ನೆನಪಾಗಿ ಸಂಕಟವಾಗುತ್ತದೆ.

ಕಳೆದ ಶುಕ್ರವಾರ ಅತ್ತೆಯ ಫೋನು ಬಂತು. ಮಾಮ ಲೋಟ ತೊಳೆಯುತ್ತಿದ್ದರು. ನಾನೇ ಎತ್ತಿ ಸ್ಪೀಕರ್ ಹಾಕಿದೆ. ಆ ಕಡೆ ಒಂದೇ ಗಲಾಟೆ.

"ಎಲ್ಲಿದ್ದೀರಿ ಅತ್ತೆ?"

"ಪಬ್ಬಿನಲ್ಲಿ ಮಾರಾಯ."

ನನಗೆ ನಗು ತಡೆಯಲಿಲ್ಲ. ಮಾಮ ಅಲ್ಲಿದ್ದಷ್ಟು ದಿನ, ಬಿಯರಿನ ವಾಸನೆ ಆಗದು ಎಂದು ಪಬ್ಬಿನ ಹೊಸಿಲು ತುಳಿಯದ ಅತ್ತೆ!

"ನಗಬೇಡ. ಮಾಮನ ಹಳೇ ಕಂಪನಿಯದ್ದೇ, ಇನ್ನೊಂದು ಶಾಖೆ. ಡ್ಯೂಟಿ ಮುಗಿಸಿ ಬಂದು ಒಂದು ಚಹಾ ತಗೊಂಡು ಕೂತ್ಕೊಳ್ತೇನೆ. ಎಲ್ಲ ಶಾಖೆಯವರಿಗೂ ಒಂದೇ ಅಂಗಿ ಅಲ್ವಾ? ದೂರದಿಂದ ನೋಡಿದ್ರೆ ಕೌಂಟರಲ್ಲಿ ಅವರೇ ನಿಂತ ಹಾಗೆ ಕಾಣ್ತದೆ."

ಮಾಮ ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ಫೋನು ತೆಗೆದುಕೊಂಡು, "ಚಹಾ ಆರ್ತದೆ, ಕುಡಿ" ಎಂದಷ್ಟೇ ಹೇಳಿ ಇಟ್ಟರು. ಆಮೇಲೆ ನನ್ನ ಮುಖ ನೋಡದೆ, "ಲೀಡ್ಸ್‌ಗೆ ಒಂದು ಟಿಕೆಟ್ ನೋಡು ಮಾರಾಯ" ಎಂದರು.

"ಹೋಗಿ ಬರ್ಲಿಕ್ಕಾ ಮಾಮ?"

"ಹೋಗ್ಲಿಕ್ಕೆ ಮಾತ್ರ."