ಮಾಮಿಯ ಹಳೆಯ ಡಿಸ್ಕ್

ಕಂಪ್ಯೂಟರ್ ರಿಪೇರಿ ಗೊತ್ತಿರುವವರಿಗೆ ನಿವೃತ್ತಿ ಎಂಬುದೇ ಇಲ್ಲ. ನಾನು ಕಂಪನಿ ಬಿಟ್ಟು ವರ್ಷಗಳಾದವು. ಆದರೂ ವೆಸ್ಟ್ ಮಾಂಬಲಂನ ನಮ್ಮ ಫ್ಲಾಟುಗಳಲ್ಲಿ ಯಾರ ಮನೆಯ ಯಂತ್ರ ಸೀನಿದರೂ ನನಗೇ ಕರೆ. ಹೋದಲ್ಲೆಲ್ಲ ಒಂದೇ ಬೇಡಿಕೆ: ಕಂಪ್ಯೂಟರ್ ಹೊಸದಾಗಿರಬೇಕು, ತೆರೆದರೆ ಒಳಗೆಲ್ಲ ಹಳೆಯದೇ ಇರಬೇಕು. ಮೊದಲು ನನಗೆ ಸಿಟ್ಟು ಬರುತ್ತಿತ್ತು, ಈಗ ಬರುವುದಿಲ್ಲ. ಹಳೆಯದರಲ್ಲಿ ಏನನ್ನು ಉಳಿಸಿಕೊಳ್ಳಬೇಕೆಂದು ಹೊರಗಿನವಳಾದ ನಾನು ಹೇಗೆ ಹೇಳಲಿ? ಅದು ನನಗೆ ಅರ್ಥವಾಗಿದ್ದು ಎದುರು ಮನೆಯ ಮಾಮಾ ಮಾಮಿಯಿಂದ.

೧. ಕನಸಿನ ಗೆಲುವು

ಮಾಮಾ ಆಫೀಸಿನಿಂದ ನಿವೃತ್ತರಾದವರು. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವುದರಿಂದ ಇಬ್ಬರ ಕನ್ನಡಕ್ಕೂ ತಮಿಳಿನ ಒಗ್ಗರಣೆ. ಅವರ ಹಳೆಯ ಕಂಪ್ಯೂಟರಿನಲ್ಲಿ ಒಂದು ಆಟವಿತ್ತು. ಚೌಕಗಳ ಅಡಿಯಲ್ಲಿ ಬಾಂಬುಗಳು ಅಡಗಿರುತ್ತವೆ, ಒಂದನ್ನೂ ಮುಟ್ಟದೆ ಬೇಗ ಬೇಗ ಬಯಲು ತೆರವು ಮಾಡಬೇಕು. ಅದರಲ್ಲಿ ತಮ್ಮನ್ನು ಮೀರಿಸುವವರಿಲ್ಲ ಎಂದು ಮಾಮಾಗೆ ಹೆಮ್ಮೆ. ಒಂದು ದಿನ ಮಾಮಿ ಅವರಿಗಿಂತ ಬೇಗ ಮುಗಿಸಿದರಂತೆ. ಮಾಮಾ ಒಪ್ಪಲಿಲ್ಲ. ಅದೇ ವಾರ ಕಂಪ್ಯೂಟರಿನ ಬೋರ್ಡ್ ಸುಟ್ಟುಹೋಯಿತು. ಉಳಿದದ್ದು ಹಾರ್ಡ್ ಡಿಸ್ಕ್ ಮಾತ್ರ.

ವರ್ಷಗಳ ಮೇಲೆ ಈಗ ಹೊಸ ಕಂಪ್ಯೂಟರ್ ಬಂತು. ಮಾಮಿ ನನ್ನನ್ನು ಮೆಟ್ಟಿಲ ಹತ್ತಿರ ಹಿಡಿದರು. "ಆ ಡಿಸ್ಕಿಂದ ಹೊಸದನ್ನ ಎಬ್ಬಿಸೋಕ್ಕಾಗತ್ತಾ ಅಮ್ಮಾ? ಸ್ಕೂಲ್ ಬಿಟ್ಟ ಮೇಲೆ ನಾನು ಗೆದ್ದಿದ್ದು ಅದೊಂದೇ. ಅದನ್ನೂ ಇವರು ಕನಸು ಅಂತಾರೆ."

ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಅವರ ಜೊತೆಯಲ್ಲೇ ಮನೆಯೊಳಗೆ ಹೋದೆ.

"ಕನಸಲ್ಲದೆ ಇನ್ನೇನು?" ಎಂದರು ಮಾಮಾ, ಪೇಪರಿನಿಂದ ತಲೆ ಎತ್ತದೆ. "ಕನಸಲ್ಲಿ ಇವಳು ತಿರುಪತಿಗೂ ನಡ್ಕೊಂಡು ಹೋಗಿದಾಳೆ."

"ಹೋಗಿದ್ದೆ," ಎಂದರು ಮಾಮಿ. "ಅಲ್ಲೂ ನೀವು ಹಿಂದೇನೇ ಇದ್ರಿ."

೨. ಗಂಧ

ಡಿಸ್ಕ್ ಬಂದದ್ದು ದೇವರ ಕೋಣೆಯಿಂದ, ರೇಷ್ಮೆ ರವಿಕೆ ಕಣದಲ್ಲಿ ಸುತ್ತಿಕೊಂಡು. ಪ್ರತಿ ಆಯುಧಪೂಜೆಗೂ ಕತ್ತರಿ, ಈಳಿಗೆಮಣೆಗಳ ಜೊತೆ ಅದಕ್ಕೂ ಗಂಧ ಕುಂಕುಮ ಆಗಿತ್ತು. ಕೇಬಲ್ ಚುಚ್ಚಲು ಹೋದರೆ ಹೋಗಲೊಲ್ಲದು. ನೋಡಿದರೆ ಸಂದಿಯ ತುಂಬ ಒಣಗಿದ ಗಂಧ.

"ಮಾಮಿ, ಇಲ್ಲಿಗೂ ಹಚ್ಚಿದ್ದೀರಾ?"

"ಅದು ಬಾಯಿ ತಾನೆ? ಬಾಯಿಗೆ ಹಚ್ಚದೆ ಇರೋಕ್ಕಾಗತ್ತಾ?"

ಹಲ್ಲುಕಡ್ಡಿ, ಹಳೆಯ ಬ್ರಷ್ಷು ಹಿಡಿದು ಕೂತೆ. ಕೆರೆದಷ್ಟೂ ಪರಿಮಳ. ಇನ್ನು ಮುಂದೆ ಮೇಲಿನ ಮುಚ್ಚಳಕ್ಕೆ ಮಾತ್ರ ಹಚ್ಚಿ ಎಂದೆ.

"ಮುಚ್ಚಳಕ್ಕೆ ಹಚ್ಚಿದ್ರೆ ಒಳಗಿರೋ ಸರಸ್ವತಿಗೆ ಹೇಗಮ್ಮಾ ಗೊತ್ತಾಗತ್ತೆ?"

"ಎಲ್ಲಾ ಗೊತ್ತಾಗೇ ಬಾಯಿ ಮುಚ್ಕೊಂಡಿದಾಳೆ," ಎಂದರು ಮಾಮಾ. "ಸುಳ್ಳು ಸಾಕ್ಷಿ ಹೇಳೋಕ್ಕೆ ಅವಳಿಗೆ ಇಷ್ಟ ಇಲ್ಲ."

೩. ಗುಂಡು ಪಿನ್ನು

ಕೊನೆಗೂ ಕೇಬಲ್ ಕೂತಿತು. ಹಳೆಯ ಡಿಸ್ಕಿನಿಂದಲೇ ಏಳು ಎಂದು ಹೊಸ ಯಂತ್ರದ ಸೆಟ್ಟಿಂಗಿನಲ್ಲಿ ಹೇಳಿದೆ. ಒಂದೆರಡು ಸಲ ಮುನಿಸಿಕೊಂಡು, ಆಮೇಲೆ ಎದ್ದಿತು. ಹೀಗೆ ಏಳುವ ಡಿಸ್ಕನ್ನು ಕಂಡರೆ ನನಗೆ ಯಾವಾಗಲೂ ಅಯ್ಯೋ ಅನ್ನಿಸುತ್ತದೆ. ಹೊಸ ಮನೆಯ ಮೊದಲ ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಹಳೆಯ ಗೋಡೆಯ ಸ್ವಿಚ್ಚಿಗೆ ಕೈ ಚಾಚುತ್ತೇವಲ್ಲ, ಹಾಗೆ ಅದು ತನ್ನ ಹಿಂದಿನ ಜೊತೆಗಾರರನ್ನೆಲ್ಲ ಹುಡುಕುತ್ತದೆ. ಇಲ್ಲೂ ಹಾಗೇ ಆಯಿತು. ಹೊಸ ಮೌಸ್, ಹೊಸ ಕೀಬೋರ್ಡುಗಳ ಗುರುತೇ ಅದಕ್ಕೆ ಸಿಗಲಿಲ್ಲ. ಗುಂಡು ಪಿನ್ನಿನ ಹಳೆಯ ಜೋಡಿಯೇ ಬೇಕು ಎಂದೆ.

"ಅಡಡಾ! ಅದನ್ನ ಹಳೇ ಪೇಪರ್‌ನವನಿಗೆ ಹಾಕಿಬಿಟ್ಟೆನಲ್ಲಮ್ಮಾ," ಎಂದು ಮಾಮಾ ಮರುಗಿದರು. ಅಷ್ಟು ಸಂತೋಷದಿಂದ ಮರುಗಿದವರನ್ನು ನಾನು ನೋಡಿಲ್ಲ.

ಮಾಮಿ ಸ್ಟೂಲ್ ಹತ್ತಿ ಅಟ್ಟದಿಂದ ಒಂದು ಗಂಟು ಇಳಿಸಿದರು. ಕೀಬೋರ್ಡು, ಮೌಸು ಎರಡೂ ಅದರಲ್ಲಿದ್ದವು. "ನೀವು ಹಾಕಿದ್ರಿ, ನಾನು ವಾಪಸ್ ಇಸ್ಕೊಂಡೆ. ಬದಲಿಗೆ ನಿಮ್ಮ ಟ್ರಾನ್ಸಿಸ್ಟರ್ ಕೊಟ್ಟೆ."

ಆ ಟ್ರಾನ್ಸಿಸ್ಟರ್ ತಾಂಬರಂನ ಮಗಳ ಮನೆಯಲ್ಲಿ ಹಾಡುತ್ತಿದೆ ಎಂದೇ ಮಾಮಾ ಅಲ್ಲಿಯವರೆಗೂ ನಂಬಿದ್ದರು.

೪. ಪಾಸ್‌ವರ್ಡ್

ಪರದೆಯ ಮೇಲೆ ಮಾಮಾನ ಹೆಸರು ಬಂತು, ಕೆಳಗೆ ಪಾಸ್‌ವರ್ಡಿನ ಖಾಲಿ ಜಾಗ. ಮಾಮಾ ಕೈ ಚೆಲ್ಲಿದರು. "ಎಷ್ಟು ವರ್ಷ ಆಯ್ತು, ಯಾರಿಗಮ್ಮಾ ನೆನಪಿರತ್ತೆ? ವಿಟ್ಟುಡು, ಬಿಟ್ಬಿಡು, ಇಷ್ಟು ಮಾಡಿದ್ದೇ ಹೆಚ್ಚು."

ಮಾಮಿ ಅಷ್ಟರಲ್ಲಿ ಕುಕ್ಕರ್ ಕೂಗಿತೆಂದು ಒಳಗೆ ಹೋಗಿದ್ದರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಬೇರೆ ದಾರಿ ಕಾಣದೆ ಅವರು ಅಡುಗೆಮನೆಯ ಕಡೆ ತಿರುಗಿ ಕೂಗಿದರು.

"ಇವಳೇ! ನನ್ನ ಪಾಸ್‌ವರ್ಡ್ ಏನು?"

ಒಳಗಿನಿಂದ ಉತ್ತರ ಬಂತು. "ಈಗ ಕೂಗಿದ್ರಲ್ಲ, ಅದೇ!"

೫. ಮೊದಲ ಸಾಲು

ಆಟ ತೆರೆದೆ. ಮಾಮಿ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತರು. ಆ ಡಿಸ್ಕಿನಲ್ಲಿ ಏನೂ ಇಲ್ಲದಿದ್ದರೆ ಈ ಹೆಂಗಸಿಗೆ ಏನು ಹೇಳುವುದೆಂದು ನನಗೇ ಭಯವಾಯಿತು.

ಇತ್ತು. ಕಡುಕಷ್ಟದ ಹಂತದ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ, ಉಳಿದವುಗಳಿಗಿಂತ ಬಹಳ ಬೇಗ ಮುಗಿಸಿದ ಒಂದು ಆಟವಿತ್ತು. ಪಕ್ಕದಲ್ಲಿ ತಾರೀಖು. ಆಡಿದವರ ಹೆಸರು ಮಾತ್ರ ಎಲ್ಲೂ ಇಲ್ಲ.

ಮಾಮಾ ಕನ್ನಡಕ ಏರಿಸಿ ನೋಡಿದರು. "ಯಾರ ಅಕೌಂಟು? ನಂದು. ಹಾಗಾದ್ರೆ ರೆಕಾರ್ಡ್ ಯಾರದು? ನಂದೇ. ನಾನೇ ಮರ್ತಿದ್ದೆ ನೋಡು!"

ನನಗೆ ಮೈಯೆಲ್ಲ ಉರಿಯಿತು. ಮಾಮಿ ಮಾತ್ರ ತಾರೀಖು ಓದು ಎಂದರು. ಓದಿದೆ.

"ಅದು ನಿಮ್ಮ ಕಣ್ಣು ಆಪರೇಷನ್ ಆದ ಮಾರನೇ ದಿನ," ಎಂದರು ಮಾಮಿ. "ಪಟ್ಟಿ ಕಟ್ಕೊಂಡು ಇದೇ ಹಾಲ್‌ನಲ್ಲಿ ಮಲಗಿದ್ರಿ. ಟಿವಿ ಕೂಡ ನೋಡಬಾರದು ಅಂದಿದ್ರು ಡಾಕ್ಟರು."

"ಪಟ್ಟಿ ಒಂದು ಕಣ್ಣಿಗೆ ತಾನೆ? ಇನ್ನೊಂದು ತೆರೆದೇ ಇತ್ತಲ್ಲ!"

"ಇತ್ತು. ಆ ಕಣ್ಣಲ್ಲೇ ನೋಡಿದ್ರಿ ನೀವು. ಗೆದ್ದೆ, ಬಂದು ನೋಡಿ ಅಂತ ಕೈ ಹಿಡ್ಕೊಂಡು ಕರ್ಕೊಂಡು ಬಂದು ತೋರಿಸ್ದೆ. ನೋಡಿದ್ರಿ. ನೋಡಿ, 'ಸರಿ ಸರಿ, ಸೀಕ್ರಂ, ಬೇಗ ಕಾಫಿ ಕೊಡು' ಅಂದ್ರಿ. ಮಾರನೇ ದಿನದಿಂದ ಅದು ಕನಸಾಯ್ತು."

ಮಾಮಿಯ ದನಿ ಏರಿರಲಿಲ್ಲ. ಇಷ್ಟು ವರ್ಷ ಅವರನ್ನು ನೋಯಿಸಿದ್ದು ಆಟವಲ್ಲ, ಅದನ್ನು ಕಂಡಿದ್ದೂ ಕಾಣಲಿಲ್ಲ ಎಂದ ಆ ಮಾತು ಎಂದು ನನಗೆ ಆಗ ಗೊತ್ತಾಯಿತು.

ಮಾಮಾಗೆ ಮಾತ್ರ ತಡೆಯಲಾಗಲಿಲ್ಲ. ಮುಖ ಕೆಂಪಾಯಿತು.

"ಕಾಫಿ ಎಲ್ಲಿ ಕೊಟ್ಟೆ ನೀನು? ಗೆದ್ದ ಜಂಬದಲ್ಲಿ ಇನ್ನೊಂದು ಆಟಕ್ಕೆ ಕೂತ್ಕೊಂಡೆಯಲ್ಲ!"